ಬೇಡವೆಂದು ಹೋದವರ ರಾಶಿ

"ಬಾಯಿ ಬಿಡೇ! ನಾಲಿಗೆ ಬಿದ್ದೋಯ್ತಾ? ಇಷ್ಟೂ ಬಿಚ್ಚಿಸ್ಕೊಂಡು ಒಂದು ಕರವಸ್ತ್ರಾನೂ ಕೊಳ್ದೆ ಹೋದ್ರಲ್ಲ, ನೀನೇನು ಕತ್ತೆ ಕಾಯ್ತಿದ್ಯಾ?"

ಬೈಯುವಾಗ ಸೂಪರ್‌ವೈಸರ್ ಧ್ವನಿ ತಗ್ಗಿಸುತ್ತಿದ್ದ, ನಗು ಮಾತ್ರ ತೆಗೆಯುತ್ತಿರಲಿಲ್ಲ. ದೂರದ ಗಿರಾಕಿಗಳಿಗೆ ಅವನು ಯಾರದೋ ಯೋಗಕ್ಷೇಮ ವಿಚಾರಿಸುತ್ತಿರುವಂತೆ ಕಾಣಬೇಕು. ಎದುರಿಗೆ ಹೊದಿಕೆ ಕೌಂಟರಿನ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಕಪಾಟಿನಲ್ಲಿದ್ದ ಹೊದಿಕೆಗಳೆಲ್ಲ ಬಿಚ್ಚಿಕೊಂಡು ಮೇಜಿನ ಮೇಲೆ, ನೆಲದ ಮೇಲೆ, ಅವಳ ಮೊಣಕಾಲಿನವರೆಗೆ ಗುಡ್ಡೆಬಿದ್ದಿದ್ದವು.

ಆ ಅಂಗಡಿಯಲ್ಲಿ ಕೌಂಟರೇ ಹೆಸರು. ತಾಯಿ ಇಟ್ಟ ಹೆಸರು ಕೇಳಿಸುತ್ತಿದ್ದದ್ದು ಸಂಬಳದ ದಿನ ಮಾತ್ರ. ಎದುರು ಕೌಂಟರಿನ ಪರದೆಯವಳು ಸರಿಯಾಗಿಯೇ ಇದ್ದ ಪರದೆಯ ಕಂಬಿ ಬಳೆಗಳನ್ನು ಮತ್ತೆ ಮತ್ತೆ ಸರಿಮಾಡುತ್ತ, ಕಿವಿಯನ್ನೆಲ್ಲ ಇತ್ತ ಇಟ್ಟಿದ್ದಳು.

ಸ್ವಲ್ಪ ಹೊತ್ತಿನ ಮುಂಚೆ ಒಂದು ಗುಂಪು ಹುಡುಗ ಹುಡುಗಿಯರು ಬಂದಿದ್ದರು. ಅದು ತೋರಿಸಿ, ಅದರ ಕೆಳಗಿನದು ತೋರಿಸಿ, ಇನ್ನೂ ಮೆತ್ತಗಿರೋದು ಇಲ್ವಾ ಅಂದರು. ಅಕ್ಕ ತೆಗೆದಳು, ಬಿಚ್ಚಿದಳು, ಹರಡಿದಳು. ಕಪಾಟು ಬರಿದಾಯಿತು. ಆಗ ಅವರೆಲ್ಲ ಸಾಲಾಗಿ ನಿಂತು ಒಂದೇ ದನಿಯಲ್ಲಿ, "ಸಾಕು! ನಮ್ಮನೇಲಿ ಹೊದಿಕೆ ಇದೆ. ನಮಗೇನೂ ಬೇಡ!" ಎಂದರು. ಗಿರಾಕಿಗಳ ಕಡೆ ತಿರುಗಿ, "ನಿಮಗೆ ಬೇಕಾ? ನಿಜವಾಗಿ ಬೇಕಾ?" ಎಂದು ಕೇಳಿದರು. ಜನ ಫೋನ್ ಎತ್ತಿ ಹಿಡಿದರು. ಒಬ್ಬ ದಿಂಬನ್ನು ಬುಟ್ಟಿಯಿಂದ ತೆಗೆದು ವಾಪಸಿಟ್ಟ. ಗುಂಪು ಬಾಗಿಲು ದಾಟಿದ ಮೇಲೆ ಅದನ್ನೇ ಮತ್ತೆ ಎತ್ತಿಕೊಂಡ.

ಬೇಡದ್ದನ್ನು ಕೊಳ್ಳಬೇಡಿ ಎಂದು ಅಂಗಡಿಗಳಿಗೆ ನುಗ್ಗಿ ನಾಟಕ ಆಡುವ ಆ ಗುಂಪಿನಲ್ಲಿ ಕೂದಲು ಗಿಡ್ಡ ಕತ್ತರಿಸಿಕೊಂಡವಳು ಪರದೆಯವಳ ಮಗಳು. ಅಮ್ಮನ ಕಡೆ ಅಪ್ಪಿತಪ್ಪಿಯೂ ನೋಡಬಾರದೆಂದು ಮನೆಯಲ್ಲೇ ಮಾತಾಗಿತ್ತು. ಇನ್ನೊಂದು ಮಾತೂ ಆಗಿತ್ತು.

"ಅಮ್ಮಾ, ಯಾವ ಕೌಂಟರಿಗೆ ಹೋಗೋಣ? ನಡುವೇನೇ ಓಡಿಸ್ಬಿಡಬಾರ್ದು."

"ಹೊದಿಕೆ ಅಕ್ಕನ ಹತ್ರ ಹೋಗಿ. ಎಷ್ಟು ಕೇಳಿದ್ರೂ ತೆಗ್ದು ತೋರಿಸ್ತಾಳೆ, ಪಾಪ."

"ನಿನ್ ಕೌಂಟರಿಗೇ ಬಂದ್ರೆ?"

"ಅಯ್ಯೋ, ಪರದೆ ಮಡಚೋದು ನಿಂಗೇನು ಗೊತ್ತು? ಸೊಂಟ ಬಿದ್ದೋಗುತ್ತೆ."

ಮಗಳ ಮೇಲೆ ಅವಳಿಗೆ ಹೆಮ್ಮೆಯೇ ಇತ್ತು. ತಮ್ಮ ಮನೆಯಿಂದ ಒಬ್ಬಳಾದರೂ ಆ ಅಂಗಡಿಯೊಳಗೆ ಗಟ್ಟಿಯಾಗಿ ಮಾತಾಡುವವಳಿದ್ದಳು.

ಆದರೆ ಅಂಗಡಿಯ ಕಾನೂನು ಮಗಳಿಗೆ ಗೊತ್ತಿರಲಿಲ್ಲ, ಅಮ್ಮ ಹೇಳಿರಲಿಲ್ಲ. ಗಿರಾಕಿ ಬರಿಗೈಲಿ ಹೋದರೆ, ಬಿಚ್ಚಿದ್ದೆಲ್ಲ ಮಡಚಿ ಕಪಾಟು ತುಂಬುವ ತನಕ ಕೌಂಟರಿನವಳು ಜಾಗ ಬಿಟ್ಟು ಕದಲುವಂತಿಲ್ಲ.

"ಸಾರ್," ಅಕ್ಕ ಮೆಲ್ಲಗೆ ಅಂದಳು, "ಒಂದ್ನಿಮಿಷ ಕೆಳಗೆ ಹೋಗಿ ಬಂದ್ಬಿಡ್ತೀನಿ. ಬೆಳಿಗ್ಗೆಯಿಂದ ಹೋಗಿಲ್ಲ. ತಡಿಯೋಕಾಗ್ತಿಲ್ಲ."

"ಹೋಗು, ಯಾರು ಬೇಡ ಅಂದ್ರು? ಕಪಾಟು ತುಂಬಿಸಿ ಹೋಗು. ಇಲ್ಲಾಂದ್ರೆ ಒಂದೇ ಸಲ ಮನೆಗೇ ಹೋಗು."

ಪರದೆಯವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನೂ ಮಡಚ್ತೀನಿ ಸಾರ್."

"ನಿನ್ ಕೌಂಟರ್ ನಿಮ್ಮಪ್ಪ ಬಂದು ನೋಡ್ಕೋತಾನಾ?"

ಅವಳು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ತಡೆದನಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಆ ಸಮಾಧಾನವೇ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಅಕ್ಕ ತೊಡೆ ಬಿಗಿಹಿಡಿದು ಮಡಚುತ್ತಿದ್ದಳು. ತುದಿಗೆ ತುದಿ ಕೂಡದಿದ್ದಾಗ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅಷ್ಟರಲ್ಲಿ ಸುಗಂಧ ಬೀರುತ್ತ ಬಂದ ಒಬ್ಬಾಕೆ, "ಆ ಮೇಲಿರೋ ನೀಲಿದು ದೊಡ್ಡ ಸೈಜಲ್ಲಿದ್ಯಾ?" ಎಂದಳು. ಆಗಷ್ಟೇ ಮೇಲೇರಿಸಿದ್ದನ್ನು ಇಳಿಸಲು ಅಕ್ಕ ಎರಡೂ ಕೈ ಎತ್ತಿದಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಕಾಲಿನಗುಂಟ ಇಳಿದದ್ದು ಪಾದದ ಬಳಿಯ ಬಿಳಿ ಹೊದಿಕೆಯಲ್ಲಿ ನಿಧಾನವಾಗಿ ಹರಡಿಕೊಂಡಿತು.

"ಅಯ್ಯಯ್ಯೋ, ಛೀ!" ಆಕೆ ಹಿಂದೆ ಹಾರಿದಳು.

ಸೂಪರ್‌ವೈಸರ್ ಅದೇ ನಗುಮುಖದಲ್ಲಿ ಅಕ್ಕನ ಕಿವಿಯ ಹತ್ತಿರ ಬಗ್ಗಿದ. "ಥೂ, ಹಂದಿ. ಅದನ್ನ ನೀನೇ ಹೊದ್ಕೊಂಡು ಸಾಯಿ."

ಪರದೆಯವಳಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿದದ್ದು ಪ್ರದರ್ಶನಕ್ಕಿಟ್ಟಿದ್ದ ಕೆಂಪು ಪರದೆಯನ್ನು ಎಳೆದು, ಬಳೆಗಳೆಲ್ಲ ಗಲಗಲ ನೆಲಕ್ಕುದುರಿದ ಮೇಲೆ. ಅದನ್ನು ಅಕ್ಕನ ಸೊಂಟಕ್ಕೆ ಸುತ್ತಿ, ಕೈ ಹಿಡಿದು ಮೆಟ್ಟಿಲಿಳಿಸಿದಳು.

ಪಾಯಿಖಾನೆಯಲ್ಲಿ ಕಾಲು ತೊಳೆಯುತ್ತ ಅಕ್ಕ ಅಂದಳು: "ನಿನ್ ಹೊಟ್ಟೆ ತಣ್ಣಗಿರ್ಲಿ ಕಣೇ. ಇನ್ಯಾರೂ ಬರ್ಲಿಲ್ಲ ನೋಡು."

ಬೈಗುಳವಾಗಿದ್ದರೆ ನುಂಗಬಹುದಿತ್ತು. "ಅಕ್ಕಾ, ಅವ್ರನ್ನ ಕಳ್ಸಿದ್ದು ನಾನೇ. ಆ ಗಿಡ್ಡ ಕೂದ್ಲಿನವ್ಳು ನನ್ ಮಗಳು."

ಅಕ್ಕ ನಲ್ಲಿ ನಿಲ್ಲಿಸಿದಳು. "ಅವ್ಳು ಹೇಳಿದ್ರಲ್ಲಿ ಸುಳ್ಳೇನಿಲ್ಲ ಬಿಡು. ಆದ್ರೆ ನಿನ್ ಕೌಂಟರಿಗೆ ಯಾಕೆ ಕರ್ಕೊಳ್ಲಿಲ್ಲ?"

ಪರದೆಯವಳು ಒದ್ದೆ ನೆಲ ನೋಡಿದಳು. "ನೀನು... ಏನೂ ಅನ್ನಲ್ಲ ಅಂತ."

"ಲೇ ಮಿಟಕಲಾಡಿ ಮುಂಡೆ!" ಅಕ್ಕನ ದನಿ ಗೋಡೆಗೆ ಬಡಿಯಿತು. "ಏನೂ ಅನ್ನಲ್ಲ ಅಂತಾನಾ? ನಿನ್ ಮಗಳು ಲೋಕ ತಿದ್ದೋಕೆ ನನ್ ಮಾನಾನೇ ಆಗ್ಬೇಕಿತ್ತೇನೇ? ನಿನ್ ಮಾನ ಮಾತ್ರ ಮಡಚಿಟ್ಕೊಂಡಿದ್ಯಾ?"

ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಮೆಟ್ಟಿಲೇರುತ್ತ ಮಗಳನ್ನು, ಮಗಳ ತಂಡವನ್ನು, ಅಂಗಡಿಯ ಯಜಮಾನನನ್ನು, ಅವನ ಹಿಂದಿನ ಏಳು ತಲೆಮಾರನ್ನು ಒಬ್ಬೊಬ್ಬರನ್ನೇ ಬೈಗುಳಕ್ಕೆ ಎಳೆದು ತಂದಳು. ಅವಳು ಎಡವದಿರಲೆಂದು ಪರದೆಯವಳು ಕೆಂಪು ಪರದೆಯ ಸೆರಗು ಹಿಡಿದುಕೊಂಡು ಹಿಂದೆ ಹಿಂದೆ ಹತ್ತಿದಳು.

"ಏಯ್, ಆ ಪರದೆ..." ಸೂಪರ್‌ವೈಸರ್ ಶುರುಮಾಡಿದ.

"ಬಾರೋ ಬೇವರ್ಸಿ! ನಿಮ್ಮಮ್ಮನ್ನ ತಂದು ಹಿಂಗೇ ನಿಲ್ಲಿಸು, ಉಚ್ಚೆ ಎಷ್ಟೊತ್ತು ತಡ್ಕೋತಾಳೆ ನೋಡೋಣ!"

ಇಡೀ ಅಂಗಡಿ ತಿರುಗಿತು. ಫೋನುಗಳು ಮೇಲೆದ್ದವು.

"ಎರಡನೇ ಭಾಗ ಇರ್ಬೇಕು," ದಿಂಬಿನವನು ಹೆಂಡತಿಗೆ ಹೇಳಿದ. "ಈಯಮ್ಮ ಆ ಹುಡುಗರಿಗಿಂತ ಚೆನ್ನಾಗಿ ಮಾಡ್ತಾಳೆ." ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

"ನಾಟಕ ಅಲ್ಲ ಇದು!" ಪರದೆಯವಳು ಕೂಗಿದಳು. "ಅವ್ರನ್ನ ಇವ್ಳ ಹತ್ರ ಕಳ್ಸಿದ್ದು ನಾನು! ನಾನೇ ಕಳ್ಸಿದ್ದು!"

ಚಪ್ಪಾಳೆ ಇನ್ನೂ ಜೋರಾಯಿತು. ಸುಗಂಧದಾಕೆ ಕಣ್ಣೊರೆಸಿಕೊಂಡು, ವಿಡಿಯೊ ಮಾಡಲು ಫೋನನ್ನು ಅಡ್ಡ ಹಿಡಿದಳು.

ಅರ್ಥವಾದದ್ದು ಸೂಪರ್‌ವೈಸರ್ ಒಬ್ಬನಿಗೆ. ಅವನ ಮುಖದ ನಗು ಮೊದಲ ಸಲ ಹೋಯಿತು. ಪರದೆಯವಳ ಕೊರಳಿನ ಗುರುತಿನ ಚೀಟಿ ಕಿತ್ತುಕೊಳ್ಳಲು ಕೈಚಾಚಿ ಬಂದ. ನಡುವೆ ಅಕ್ಕ ನಿಂತಿದ್ದಳು. ಅವಳು ಅವನಿಗೆ ದಾರಿ ಬಿಡಲಿಲ್ಲ. ಹಿಂದೆ ನಿಂತವಳ ಕಡೆ ತಿರುಗಿಯೂ ನೋಡಲಿಲ್ಲ.