ಆರನೇ ಮೆಷಿನ್ನಿಗೆ ಹಾಕದ ಫೈಲು

ನಿನ್ನ ಫೈಲಿಗಿಷ್ಟು ಬೆಂಕಿ ಬೀಳ, ನನ್ನ ಕೈಯನ್ನೇ ಕೆಡಿಸಿಬಿಟ್ಯಲ್ಲ ಅಕ್ಕಾ — ಹೇಗೆ ಕೂಗುತ್ತಾನೆ ನನ್ನ ತಮ್ಮ, ನಕ್ಷೆ ಕಚೇರಿಯ ಗಾಜೆಲ್ಲ ಅದುರುವ ಹಾಗೆ, ಕೂಗಲಿ, ನನ್ನ ಗಂಟಲೇನು ಕಟ್ಟಿದೆಯೇ, ಕೈ ಕೆಟ್ಟಿಲ್ಲ ಕಣೋ, ಕಣ್ಣು ಕೆಟ್ಟಿದೆ, ಯಾವ ಮೆಷಿನ್ನು ಅಂತ ನೋಡ್ಕೊಂಡು ಒತ್ತಬೇಕು ಅಂದೆ ನಾನೂ — ಹತ್ತೊಂಬತ್ತು ವರ್ಷದ ಫೈಲದು, ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಪರದೆ ತೆರೆದ ಕೂಡಲೇ ಮೆಷಿನ್ನು ಮೊದಲು ಓದುವುದು ಅದನ್ನೇ, ಉದ್ದುದ್ದ ಆಜ್ಞೆಗಳಿಗೆಲ್ಲ ನಾನಿಟ್ಟ ಎರಡಕ್ಷರದ ಹೆಸರು, ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಸ್ಪೆಲಿಂಗಿಗೆ ದಿನಾ ಏಟು ತಿಂದವಳು ಒಂದೊಂದೇ ಸಾಲು ಕೂಡಿಸಿ ಬರೆದದ್ದು, ಐದು ಮೆಷಿನ್ನಿಗೂ ನಾನೇ ಹಾಕಿದ್ದು, ಯಾವುದರ ಮುಂದೆ ಕೂತರೂ ಸ್ವಂತ ಅಡುಗೆಮನೆಯ ಡಬ್ಬಿಗಳಂತೆ ಕಣ್ಣು ಮುಚ್ಚಿ ಕೈ ಹಾಕಿದರೆ ಬೇಕಾದ್ದೇ ಸಿಗಬೇಕು, ಅದರಲ್ಲೂ ನಾಲ್ಕನೇ ಸಾಲು, ಆಹಾ, ಏನನ್ನು ಅಳಿಸಹೊರಟರೂ ಮೆಷಿನ್ನು ತಡೆದು ಕನ್ನಡದಲ್ಲೇ ಕೇಳುತ್ತದೆ, ಅಳಿಸಲೇ? — ಪಕ್ಕದಲ್ಲಿ ಬಿಳಿ ಚೌಕ ಮಿಣುಕುತ್ತ ಕಾಯುತ್ತದೆ. ನನ್ನ ತಮ್ಮ ಕೆಲಸ ಕಲಿತದ್ದೇ ಅದರ ಮೇಲೆ, ಮೊದಲು ಒತ್ತುವುದು, ಕೇಳಿದಾಗ ನೋಡುವುದು, ತಪ್ಪಿದ್ದರೆ ಬೇಡ ಅನ್ನುವುದು, ಹನ್ನೊಂದು ವರ್ಷದಲ್ಲಿ ಒಂದು ಗೆರೆಯೂ ಕಳೆದಿರಲಿಲ್ಲ.

ಸೋಮವಾರ ಆರನೆಯದು ಬಂತು, ಅಕ್ಕಾ ಫೈಲು ನಾನೇ ಹಾಕ್ಲಾ ಅಂದ, ಮುಟ್ಟಿದ್ರೆ ಕೈ ಮುರೀತೀನಿ ಅಂದೆ, ಅದು ನನ್ನ ಕೈಯಿಂದಲೇ ಆಗಬೇಕಾದ ಕೆಲಸ, ನನಗೆ ಗುರುವಾರ ಬಿಡುವಿತ್ತು, ಬುಧವಾರವೇ ಅವನು ಅದರ ಮುಂದೆ ಕೂತು ಅಭ್ಯಾಸದಂತೆ ಅಳಿಸು ಅಂತ ಒತ್ತಿದ — ಅದು ಕೇಳಲಿಲ್ಲ. ನದಿಯ ನಕ್ಷೆ, ನಾಲ್ಕು ತಿಂಗಳು ಅಳತೆ ಕೋಲು ಹೊತ್ತು ದಡದುದ್ದಕ್ಕೂ ನಡೆದು ಬರೆದದ್ದು, ಬೇರೆ ಪ್ರತಿಯಿಲ್ಲದ್ದು, ರೆಪ್ಪೆ ಬಡಿಯುವಷ್ಟರಲ್ಲಿ ಇಲ್ಲ. ತಪ್ಪಾಯ್ತು ಅನ್ನು ಅಕ್ಕಾ, ಅಷ್ಟೇ ಸಾಕು ಅಂದ, ಈಗ ಮೆತ್ತಗೆ, ಕೂಗಿದ್ದರೇ ಚೆನ್ನಾಗಿತ್ತು — ತಪ್ಪೇ? ನನ್ನದೇ? ನನ್ನ ಫೈಲಲ್ಲಿ ಒಂದೇ ಒಂದು ತಪ್ಪು ತೋರ್ಸು, ಇವತ್ತೇ ಕೆಲಸ ಬಿಡ್ತೀನಿ ಅಂದೆ. ನೀನ್ಯಾಕೆ ಬಿಡ್ತೀಯಾ ಬಿಡು ಅಂದ, ತನ್ನ ಹಳೇ ಮೆಷಿನ್ನಿಗೆ ಬಗ್ಗಿ ಟಪಟಪ ಏನೋ ಒತ್ತಿದ, ಊಟದ ಡಬ್ಬಿ ಎತ್ತಿಕೊಂಡ, ಹೊರಟ. ಹೋಗಲಿ, ಹಿಂದೆಯೂ ಮೂರು ಸಲ ಹೋಗಿದ್ದಾನೆ, ಚಹಾದ ಹೊತ್ತಿಗೆ ಹಲ್ಲು ಕಿರಿದುಕೊಂಡು ಬಂದಿದ್ದಾನೆ, ಅವನ ಲೋಟವನ್ನೂ ತುಂಬಿಸಿಟ್ಟೆ, ಆರಿತು, ಕೆನೆ ಕಟ್ಟಿತು, ಎದ್ದು ಹೋಗಿ ಅವನ ಪರದೆ ನೋಡಿದೆ — ನನ್ನ ಫೈಲಿನ ಹೆಸರು, ಅದರ ಮುಂದೆ ನನ್ನದೇ ನಾಲ್ಕನೇ ಸಾಲು ಕೇಳುತ್ತಿದೆ, ಅಳಿಸಲೇ? ಹೌದು ಅಂತಲೂ ಒತ್ತಿಲ್ಲ, ಬೇಡ ಅಂತಲೂ ಒತ್ತಿಲ್ಲ ಮಹಾರಾಯ, ಆದರೂ ನೋಡಿ ಎಷ್ಟು ಚೆನ್ನಾಗಿ ಕೇಳುತ್ತದೆ, ಬರೆದವಳು ಯಾರು, ಆರನೆಯದಕ್ಕೂ ಅವತ್ತೇ ಹಾಕಿದೆ, ಅದೂ ಈಗ ಕೇಳುತ್ತದೆ, ಅವನು ಹೋಗಿ ಇಂದಿಗೆ ಹನ್ನೆರಡು ದಿನ, ಅವನ ಮೆಷಿನ್ನನ್ನು ಯಾರಿಗೂ ಮುಟ್ಟಗೊಟ್ಟಿಲ್ಲ, ನಾನೂ ಮುಟ್ಟಿಲ್ಲ, ಬೇಡ ಅಂತ ಒಂದಕ್ಷರ ಒತ್ತಿದರೆ ಮುಗಿಯಿತು, ಒತ್ತಬೇಕಾದವನು ಅವನು, ಬಿಳಿ ಚೌಕ, ಹತ್ತಿತು, ಆರಿತು, ಅಳಿಸಲೇ? ಹತ್ತಿತು —