ಹಂಡೆಯ ಒಳಮೈ

ಫಾಝಿಲ್ ಮತ್ತು ಪಕ್ಕದ ಮನೆಯ ಇಬ್ಬರು ಸೇರಿ ಓಮ್ನಿಯ ಹಿಂಬಾಗಿಲಿನಿಂದ ಹಂಡೆಯನ್ನು ಎಳೆದು, ಹಿತ್ತಲಿನ ಮೂರು ಕಲ್ಲಿನ ಮೇಲೆ ಕೂರಿಸುತ್ತಿದ್ದಾಗ ಹಾರಿಸ್ ಓಡಿ ಬಂದ.

"ಅದು ಬೇಡ! ಬೇರೆ ಪಾತ್ರೆ ತನ್ನಿ."

"ಬೇರೆ ಎಲ್ಲಿಂದ ತರುವುದು ಮಾರಾಯ?" ಚಿಕ್ಕಪ್ಪನ ಮಗ ಫಾಝಿಲ್ ಸೊಂಟ ಹಿಡಿದುಕೊಂಡು ನೆಟ್ಟಗಾದ. "ನಿನ್ನ ಬಾಪ ಮನೆ ತುಂಬ ಹಳೆ ಸಾಮಾನು ತುಂಬಿಸಿದ್ದಾರೆ, ನೀರು ಕಾಯಿಸ್ಲಿಕ್ಕೆ ತೂತಿಲ್ಲದ ಪಾತ್ರೆ ಒಂದಿಲ್ಲ. ಇದೊಂದು ಗಟ್ಟಿ ಉಂಟು."

"ಅದು... ಮಾರ್ಲಿಕ್ಕೆ ಇಟ್ಟದ್ದು."

"ನಿನ್ನ ಬಾಪನನ್ನು ಮೀಯಿಸ್ಲಿಕ್ಕೆ ಅಲ್ಲದೆ ಮತ್ತೆ ಯಾರಿಗೆ ಮಾರ್ತೀಯಾ ಇವತ್ತು?" ಅಡುಗೆಮನೆಯ ಬಾಗಿಲಿನಿಂದ ಬೀಪಾತುಮ್ಮ ಗದರಿದರು. ತೀರಿಕೊಂಡ ಬಾಪನ ಅಕ್ಕ; ಅಳು ಮುಗಿಸಿ ಈಗ ಕೆಲಸಕ್ಕೆ ನಿಂತಿದ್ದರು. "ಬೆಂಕಿ ಹಾಕಿ. ಸಂಜೆಯ ಅಸರ್ ನಮಾಝಿಗೆ ಮಯ್ಯತ್ ಮಸೀದಿ ಮುಟ್ಟಬೇಕು."

ಬೆಂಕಿ ಹತ್ತಿತು. ಹಂಡೆಯ ಭುಜದ ಮೇಲೆ ಒಂದು ಅಂಗೈಯಗಲದ ಜಾಗ ಮಾತ್ರ ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. ಹಾರಿಸ್ ಅದನ್ನೇ ನೋಡುತ್ತ ನಿಂತ. ಮಸಿ ಕೆಳಗಿನಿಂದ ಮೆಲ್ಲ ಮೆಲ್ಲ ಏರುತ್ತಿತ್ತು. ಇನ್ನೊಂದು ಗೇಣು ಏರಿದರೆ ಸಾಕು, ಆಮೇಲೆ ಯಾರಿಗೂ ಕಾಣುವುದಿಲ್ಲ.

ಬಂಟ್ವಾಳದ ಅಬ್ದುಲ್ ಹಕೀಂ ನಲವತ್ತು ವರ್ಷ ಹಳೆ ಸಾಮಾನಿನ ವ್ಯಾಪಾರ ಮಾಡಿದವನು. ಎಲ್ಲಿ ಸಂತೆ-ಮೇಳ ಇದ್ದರೂ ಅಲ್ಲೊಂದು ನೀಲಿ ಟರ್ಪಾಲು ಹಾಸಿ, ಮೇಲೆ ದೀಪ, ಗಿಂಡಿ, ಉಪ್ಪಿನ ಮರಿಗೆ, ನಿಂತುಹೋದ ಗಡಿಯಾರ ಎಲ್ಲ ಜೋಡಿಸಿ ಕೂರುವವನು. ಇವತ್ತು ಬೆಳಿಗ್ಗೆ ಪುಂಜಾಲಕಟ್ಟೆಯ ಹತ್ತಿರ ಓಮ್ನಿಯನ್ನು ನೀಟಾಗಿ ಬದಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆ ಇಟ್ಟಿದ್ದ. ಜನ ಬಂದು ನೋಡುವಾಗ ಇಂಡಿಕೇಟರ್ ಇನ್ನೂ ಮಿನುಗುತ್ತಿತ್ತಂತೆ. ಹಿಂದೆ ಈ ಹಂಡೆ ಒಂದೇ.

ಅದನ್ನು ಎಲ್ಲಿಗೆ ಒಯ್ಯುತ್ತಿದ್ದನೆಂದು ಗೊತ್ತಿದ್ದದ್ದು ಹಾರಿಸನಿಗೆ ಮಾತ್ರ.

*

ಮೂಡುಬಿದಿರೆಯ ಮೇಳದಲ್ಲಿ ಗಿರಾಕಿಗಳು ಬರುವ ಮೊದಲೇ ನಿಜವಾದ ವ್ಯಾಪಾರ ಮುಗಿಯುತ್ತದೆ. ಪಿಕಪ್‌ಗಳ ಹಿಂದೆ ನಿಂತು ವ್ಯಾಪಾರಿಗಳೇ ವ್ಯಾಪಾರಿಗಳಿಂದ ಕೊಳ್ಳುವ ಹೊತ್ತದು. ಕಳೆದ ವಾರ ಬಾಪ ಚಾ ಕುಡಿಯಲು ಹೋಗಿದ್ದಾಗ ಗುಜರಿಯವನೊಬ್ಬ ಹಾರಿಸನಿಗೆ ಈ ಹಂಡೆ ತೋರಿಸಿದ. ಭುಜದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು: ಸುಬ್ಬಮ್ಮ, ಮುಂಡಾಜೆ.

ಮೂರು ವರ್ಷದಿಂದ ಬಾಪ ಪ್ರತಿ ಮೇಳದಲ್ಲೂ ಹುಡುಕುತ್ತಿದ್ದದ್ದು ಇದನ್ನೇ. ಹುಡುಕಿ ಸಿಗದೆ ಸಂಜೆ ಮುಂಡಾಜೆಯ ತಿರುಮಲೇಶ್ವರ ಮಾಷ್ಟ್ರಿಗೆ ಫೋನ್ ಮಾಡಿ, "ಇಲ್ಲಿ ಇಲ್ಲ ಮಾಷ್ಟ್ರೇ" ಎನ್ನುತ್ತಿದ್ದದ್ದೂ ಇದಕ್ಕೇ.

ಆದರೆ ಹಾರಿಸನ ಹತ್ತಿರ ಒಬ್ಬಳು ಗಿರಾಕಿ ಇದ್ದಳು, ರೆಸಾರ್ಟಿನವಳು. ಅವಳ ಅಂಗಳಕ್ಕೆ ತಾವರೆ ಹಾಕಲು ದೊಡ್ಡ ಹಂಡೆ ಬೇಕು, ಮೇಲೆ ಯಾರದ್ದೂ ಹೆಸರಿರಬಾರದು. ಬಾಪನಿಗೆ ಹೇಳದೆ ತನ್ನದೇ ಅಂತ ಮಾಡುವ ಮೊದಲ ದೊಡ್ಡ ವ್ಯಾಪಾರ. ಕೊಂಡ. ಮನೆಗೆ ತಂದ. ಬಾಪ ಮಸೀದಿಗೆ ಹೋದಾಗ ಗ್ರೈಂಡರ್ ಹಚ್ಚಿದ.

ಹೆಸರು ಉಜ್ಜಬಾರದು ಅನ್ನುವುದೊಂದೇ ಬಾಪ ಅವನಿಗೆ ಹಾಕಿದ್ದ ನಿಯಮ.

ನಿನ್ನೆ ಮಧ್ಯಾಹ್ನ ಬಾಪ ಶೆಡ್ಡಿಗೆ ಬಂದ. ಹೊಳೆಯುವ ಜಾಗವನ್ನು ನೋಡಿದ. ಯಾವ ಪಾತ್ರೆಗೂ ಮಾಡುವ ಹಾಗೆ, ಕೈಯನ್ನು ಹಂಡೆಯ ಒಳಗೆ ಹಾಕಿ ಸವರಿದ. ಒಂದು ಕಡೆ ಕೈ ನಿಂತಿತು.

"ಹೊರಗಿಂದ ತೆಗ್ದೆ," ಎಂದ. "ಒಳಗಿಂದ ಹೇಗೆ ತೆಗೀತಿ ಮೋನೆ?"

ಅಷ್ಟೇ. ಬೈಯಲಿಲ್ಲ. ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಹಂಡೆಯನ್ನು ಒಬ್ಬನೇ ಓಮ್ನಿಗೆ ಏರಿಸುವ ಸದ್ದು ಹಾರಿಸನಿಗೆ ಕೇಳಿಸಿತ್ತು. ಚಾದರ ಮುಸುಕಿಕೊಂಡು ಮಲಗಿಯೇ ಇದ್ದ.

*

ಬಾಪನನ್ನು ಮೀಯಿಸಿ ಬಿಳಿ ಬಟ್ಟೆ ಹೊದೆಸುವ ಹೊತ್ತಿಗೆ ತಿರುಮಲೇಶ್ವರ ಮಾಷ್ಟ್ರು ಬಂದರು. ಎರಡು ಬಸ್ಸು ಬದಲಾಯಿಸಿ ಮುಂಡಾಜೆಯಿಂದ ಬಂದವರು, ಬೆವರು ಒರೆಸಿಕೊಳ್ಳದೆ ನೇರ ಹಿತ್ತಲಿಗೇ ನಡೆದು ಹಾರಿಸನ ಕೈ ಹಿಡಿದುಕೊಂಡರು.

"ನಿನ್ನೆ ಸಂಜೆ ಫೋನ್ ಮಾಡಿದ್ರು ಹಕೀಂ ಬ್ಯಾರಿ. ನಾಳೆ ಬರ್ತೇನೆ ಮಾಷ್ಟ್ರೇ, ಒಂದು ಸಾಮಾನು ತರ್ಲಿಕ್ಕುಂಟು, ಆಮೇಲೆ ನೀವು ನನಗೆ ಬೈಯ್ಬೇಕು ಅಂತ. ನಾನು ಕಾಫಿಗೆ ನೀರಿಟ್ಟು ಕಾದೆ. ಏನು ಸಾಮಾನು ಹಾರಿಸ್? ನಿಂಗೆ ಗೊತ್ತುಂಟಾ?"

"ಇಲ್ಲ ಮಾಷ್ಟ್ರೇ."

ಹೇಳಿದ ಮೇಲೆ ಹಂಡೆಯ ಕಡೆ ನೋಡಿದ. ಭುಜ ಪೂರ್ತಿ ಕಪ್ಪಾಗಿತ್ತು.

ಮಾಷ್ಟ್ರು ಬಾವಿಕಟ್ಟೆಯ ಮೇಲೆ ಕೂತರು. ಬೂದಿ ಎಳೆಯುತ್ತಿದ್ದ ಫಾಝಿಲನಿಗೆ ಹೇಳತೊಡಗಿದರು. "ನಮ್ಮಲ್ಲೂ ಇಂಥದ್ದೇ ಒಂದಿತ್ತು. ಬಚ್ಚಲು ಒಡೆದು ಕಟ್ಟಿಸುವಾಗ ಯಾರೋ ಹೊತ್ತುಕೊಂಡು ಹೋದ್ರು. ಅಮ್ಮನ ಮದುವೆಯ ಹಂಡೆ. ಮನೆಯಲ್ಲಿ ಹುಟ್ಟಿದ ಎಲ್ಲ ಮಕ್ಕಳ ಮೊದಲ ಸ್ನಾನ ಅದರ ನೀರಲ್ಲೇ."

"ಇದರಷ್ಟು ದೊಡ್ಡದಾ ಮಾಷ್ಟ್ರೇ?"

"ಓ, ಸಣ್ಣವನಿದ್ದಾಗ ನನ್ನನ್ನೇ ಒಳಗೆ ಇಳಿಸಿ ಹುಣಸೆಹುಳಿ ಕೊಟ್ಟು ಉಜ್ಜಿಸ್ತಿದ್ರು. ಒಳಗೆ ಕತ್ತಲೆ. ಹೊರಗೆ ಹೊಡೆದ ಅಮ್ಮನ ಹೆಸರು ಒಳಗೆ ಉಬ್ಬಿರ್ತಿತ್ತು, ಉಲ್ಟಾ. ಬಲದಿಂದ ಎಡಕ್ಕೆ ಬೆರಳಾಡಿಸಿ ನಾನು ಅಕ್ಷರ ಕಲ್ತದ್ದೇ ಹಾಗೆ." ನಕ್ಕರು. ನಗು ಅರ್ಧಕ್ಕೇ ನಿಂತಿತು. "ಅಮ್ಮ ಈಗ ಮಲಗಿದಲ್ಲೇ. ಮಾತು ಹೋಗ್ತಾ ಉಂಟು. ಆದ್ರೂ ಹಂಡೆ ಬಂತಾ ಅಂತ ಮಾತ್ರ ಕೇಳ್ತಾರೆ. ಕೊನೆಯ ಸ್ನಾನ ಅದರದ್ದೇ ನೀರಲ್ಲಿ ಆಗ್ಬೇಕಂತೆ."

ಹಾರಿಸ್ ಕಾಲಡಿಯ ಒದ್ದೆ ಮಣ್ಣನ್ನು ನೋಡಿದ. ಆ ಹಂಡೆಯ ನೀರು ಇಲ್ಲೇ ಹರಿದು ಬಾಳೆಯ ಬುಡಕ್ಕೆ ಹೋಗಿತ್ತು.

"ಹಾರಿಸ್! ಎಲ್ಲಿದ್ದೀಯಾ?" ಅಂಗಳದಿಂದ ಯಾರೋ ಕರೆದರು. "ಮಯ್ಯತ್ ಎತ್ತುವ ಹೊತ್ತಾಯ್ತು. ಬಾಕಿ ಏನಾದ್ರೂ ಉಂಟಾ ಅಂತ ನೀನು ಕೇಳ್ಲಿಕ್ಕುಂಟಲ್ಲ."

ಬೀಪಾತುಮ್ಮ ಮತ್ತೆ ಬಾಗಿಲಿಗೆ ಬಂದರು. "ಹಂಡೆ ಇನ್ನೂ ಹಾಗೇ ಉಂಟಲ್ಲ! ಮಯ್ಯತ್ ಹೊರಡುವ ಮೊದಲು ಉಳಿದ ನೀರು ಚೆಲ್ಲಿ ಕವುಚಿ ಹಾಕ್ಬೇಕು. ಯಾರಾದ್ರೂ ಬನ್ನಿ."

"ನಾನೇ ಮಾಡ್ತೇನೆ," ಎಂದ ಹಾರಿಸ್.

"ನೀನು ಹೋಗು ಮಾರಾಯ, ಅಲ್ಲಿ ಮಗನೇ ಬೇಕಲ್ಲ." ಮಾಷ್ಟ್ರು ಎದ್ದು ಪಂಚೆ ಎತ್ತಿ ಕಟ್ಟಿದರು. "ನಾನು ಕವುಚ್ತೇನೆ. ಹೇಗೂ ಮನೆಗೆ ಹೋದ್ರೆ ಸ್ನಾನ ಉಂಟು. ಹಕೀಂ ಬ್ಯಾರಿಗೆ ನನ್ನಿಂದ ಇಷ್ಟಾದ್ರೂ ಆಗ್ಲಿ."

"ಬೇಡ ಮಾಷ್ಟ್ರೇ, ಮಸಿ ಹಿಡೀತದೆ..."

ಫಾಝಿಲ್ ತೋಳು ಹಿಡಿದು ಎಳೆದುಕೊಂಡೇ ಹೋದ.

ಅಂಗಳದಲ್ಲಿ ಜನ ತುಂಬಿತ್ತು. ಬಿಳಿ ಬಟ್ಟೆ ಹೊದ್ದ ಬಾಪ ಮಯ್ಯತ್ ಮಂಚದ ಮೇಲೆ ಮಲಗಿದ್ದ. ಮಸೀದಿಯ ಉಸ್ತಾದರು ತಲೆಯಾಡಿಸಿದರು. ಸತ್ತವರ ಬಾಕಿಯ ಬಗ್ಗೆ ಪ್ರತಿ ಸಾವಿನಲ್ಲೂ ಮಗ ಹೇಳುವ ಮಾತು ಅದು. ಹಾರಿಸ್ ಎಷ್ಟೋ ಮನೆಗಳಲ್ಲಿ ಕೇಳಿದ್ದ. ಈಗಲೇ ಹೇಳಿಬಿಟ್ಟರೆ? ಹಂಡೆಯ ತಪ್ಪು ಬಾಪನದ್ದಲ್ಲ, ನಂದು ಅಂತ, ಎಲ್ಲರ ಎದುರಿಗೆ, ಮಾಷ್ಟ್ರಿಗೆ ಕೇಳುವ ಹಾಗೆ?

ಒಂದು ಹೆಜ್ಜೆ ಮುಂದೆ ಇಟ್ಟ.

"ನನ್ನ ಬಾಪನ ಕೈಯಲ್ಲಿ..." ಎಂದ. "ಯಾರದ್ದಾದ್ರೂ ಏನಾದ್ರೂ ಉಳಿದಿದ್ರೆ ಈಗ ಹೇಳಿ. ನಾನು ಕೊಡ್ತೇನೆ. ಇಲ್ಲದಿದ್ರೆ ಅವರನ್ನು ಮನ್ನಿಸಿ."

ಮುಂದೆ ನಿಂತಿದ್ದ ಮುದುಕರೊಬ್ಬರು, "ಯಾರದ್ದೂ ಒಂದು ಸೂಜಿ ಇಟ್ಟುಕೊಂಡ ಮನುಷ್ಯ ಅಲ್ಲ," ಎಂದರು. ಹತ್ತಾರು ತಲೆ ಹೌದು ಎಂದವು.

ಮನೆಯ ಬದಿಯ ಓಣಿಯಲ್ಲಿ ಹಿತ್ತಲು ಕಾಣುತ್ತಿತ್ತು. ಹಂಡೆ ಕವುಚಿರಲಿಲ್ಲ. ಅರ್ಧ ವಾಲಿ ನಿಂತಿತ್ತು, ಬಾಯಿಯಿಂದ ನೀರು ಸಣ್ಣಗೆ ಸುರಿಯುತ್ತಿತ್ತು. ಮಾಷ್ಟ್ರು ಅದರ ಎದುರು ಮಂಡಿಯೂರಿದ್ದರು. ಬಲಗೈ ಮೊಣಕೈಯ ತನಕ ಒಳಗಿತ್ತು. ಅವರ ಕಣ್ಣು ಮುಚ್ಚಿತ್ತು. ಕೈ ಮೆಲ್ಲಗೆ ಬಲದಿಂದ ಎಡಕ್ಕೆ ಸರಿಯಿತು. ನಿಂತಿತು. ಮತ್ತೆ ಮೊದಲಿಗೆ ಬಂದು, ಬಲದಿಂದ ಎಡಕ್ಕೆ ಸರಿಯತೊಡಗಿತು.