ಫ್ಯಾನಿನ ಸ್ವಿಚ್ಚು

ನಮ್ಮ ಮಾವನವರಿಗೆ ತನ್ನಷ್ಟಕ್ಕೆ ತಾನೇ ತಿರುಗುವ ಫ್ಯಾನು ಕಂಡರೆ ಆಗದು. ಮನೆಯಲ್ಲಿ ನಾವು ಎದ್ದು ಬಂದ ಕೋಣೆಗೆಲ್ಲ ಹೋಗಿ ಸ್ವಿಚ್ ಆರಿಸುವವರು, ನಾನು ಓಡಿಸುವ ಟ್ಯಾಕ್ಸಿಯನ್ನು ಬಿಟ್ಟಾರೆಯೇ? ಎಂಜಿನ್ನಿನ ನೀರು ಕಾದೊಡನೆ ರೇಡಿಯೇಟರಿನ ಫ್ಯಾನು ತಾನೇ ಶುರುವಾಗುವಂತೆ ಕಾರು ಮಾಡಿದವರು ಮಾಡಿದ್ದರು. ಬೇಕಾದಾಗ ನಾವೇ ಹಾಕಿಕೊಂಡರಾಯಿತು, ಬ್ಯಾಟರಿ ಉಳಿಯುತ್ತದೆ ಎಂದು ಮಾವ ಆ ತಂತಿ ಕತ್ತರಿಸಿ, ಮನೆಯ ದೀಪಕ್ಕೆ ಹಾಕುವ ಸ್ವಿಚ್ಚೊಂದನ್ನು ಡ್ಯಾಶ್‌ಬೋರ್ಡಿಗೆ ಕೂರಿಸಿದರು. ಕಾರು ಅವರದು, ಮನೆ ಅವರದು. ನನ್ನ ಗಂಡ ಅಪ್ಪ ಹಾಕಿದ ಗೆರೆ ದಾಟುವವನಲ್ಲ. ನಾನು ಹಲ್ಲು ಕಚ್ಚಿಕೊಂಡು ಓಡಿಸಿದೆ.

ಅಂದು ಆಸ್ಪತ್ರೆಯೊಂದರವರು ನರ್ಸುಗಳನ್ನು ಕರೆತರುವ ಕಾಯಂ ಕೆಲಸಕ್ಕೆ ಗಾಡಿ ನೋಡುವವರಿದ್ದರು. ಹತ್ತು ಗಂಟೆಯೊಳಗೆ ಬಾರದಿದ್ದರೆ ಬೇರೆಯವರಿಗೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಯವರೆಗೆ ಬರುತ್ತಿದ್ದದ್ದು ಅಪರೂಪದ ಬಾಡಿಗೆ, ಇದು ಸಿಕ್ಕರೆ ಹಗಲೆಲ್ಲ ನಾನು ಆ ಮನೆಯಿಂದ ಹೊರಗೆ. ನನಗೆ ಬೇಕಿದ್ದದ್ದು ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗಂಡ ನಕ್ಕರೂ ಹೊಸ ಊಟದ ಡಬ್ಬಿ ಕೊಂಡಿದ್ದೆ. ದೊಡ್ಡವರೊಬ್ಬರು ಜೊತೆಗಿದ್ದರೆ ಒಳ್ಳೆಯದೆಂದು ಮಾವ ಕರೆಯದೆಯೇ ಬಂದು ಪಕ್ಕದಲ್ಲಿ ಕೂತರು.

ದಾರಿಯ ಸುರಂಗದೊಳಗೆ ವಾಹನಗಳು ನಿಂತುಬಿಟ್ಟವು, ನಾವು ಬಲಗಡೆಯ ಗೋಡೆಗೆ ಒತ್ತಿಕೊಂಡ ಸಾಲಿನಲ್ಲಿ. ಓಡುವ ಕಾರಿಗೆ ಎದುರುಗಾಳಿ ಸಾಕು, ನಿಂತ ಕಾರಿಗೆ ಫ್ಯಾನೇ ಗತಿ. ನಾನು ಸ್ವಿಚ್ ಹಾಕುವುದು, ಕಾವು ತೋರಿಸುವ ಮುಳ್ಳು ಚೂರು ಇಳಿದೊಡನೆ ಅವರು ಆರಿಸುವುದು. ಕೊನೆಗೊಮ್ಮೆ ಹಾಕಿದಾಗ ಸುಟ್ಟ ವಾಸನೆ ಬಂತು, ಫ್ಯಾನು ಮಿಸುಕಲಿಲ್ಲ. ದೀಪದ ಸ್ವಿಚ್ಚು ಆ ಫ್ಯಾನಿನ ಕರೆಂಟನ್ನು ಎಷ್ಟು ದಿನ ತಾಳೀತು? ಕರಗಿಹೋಗಿತ್ತು.

ಉಳಿದದ್ದು ಒಂದೇ ದಾರಿ. ಎಂಜಿನ್ನಿನ ಬಿಸಿಯನ್ನು ಕಾರಿನೊಳಗೆ ಎಳೆದು ಅದನ್ನು ತಣಿಸಲೆಂದು ಹೀಟರ್ ಹಾಕಿದೆ. ಎಂಜಿನ್ನಿನ ಕಾವು ನೇರ ನಮ್ಮ ಮುಖಕ್ಕೆ ಬಡಿಯಿತು. ಕಿಟಕಿ ಇಳಿಸಿದರೆ ಲಾರಿಯ ಹೊಗೆ, ಏರಿಸಿದರೆ ಒಲೆಯೊಳಗೆ ಕೂತಂತೆ. ಮಾವ ಅದನ್ನೂ ಆರಿಸಲು ಕೈ ಚಾಚಿದರು. ನಾನು ಆ ಕೈಯನ್ನು ತಳ್ಳಿದೆ, ಮದುವೆಯಾದ ಮೇಲೆ ಮೊದಲ ಸಲ. ಎಂಜಿನ್ ಆರಿಸಿ ಕೂರಬೇಕಿತ್ತು, ಗೊತ್ತಿತ್ತು. ಆದರೆ ಸಾಲು ಅಡಿ ಅಡಿಯಾಗಿ ಸರಿಯುತ್ತಿತ್ತು, ಹತ್ತು ಗಂಟೆ ಹತ್ತಿರವಾಗುತ್ತಿತ್ತು, ನನಗೆ ಆಸೆ ಬಿಡಲಿಲ್ಲ. ಎರಡು ಮಾರು ಮುಂದೆ ಹೋಗುವಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಎಂಜಿನ್ ಕಟಕಟ ಎಂದು ನಿಂತಿತು. ಮತ್ತೆ ಕೀಲಿ ತಿರುಗಿಸಿದರೆ ಜಪ್ಪಯ್ಯ ಅನ್ನಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ಬೇರೊಂದು ಗಾಡಿ ಆಗಲೇ ಬಂದು ನಿಂತಿದೆಯಂತೆ, ಅದನ್ನೇ ಇಟ್ಟುಕೊಳ್ಳುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಸುಟ್ಟಿದ್ದು ನಿಮ್ಮ ಸ್ವಿಚ್ಚು, ಮಾವ. ಹೋಗಿದ್ದು ನನ್ನ ಕೆಲಸ."

ಅವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಟವೆಲಿನಿಂದ ಕತ್ತು ಒರೆಸಿಕೊಂಡು, ಮಗಳಿಗೆ ಸಮಾಧಾನ ಹೇಳುವ ಹಾಗೆ ಮೆಲ್ಲಗೆ ಅಂದರು:

"ಹೋಗ್ಲಿ ಬಿಡಮ್ಮ. ಇನ್ಮೇಲೆ ಮನೇಲೇ ಇರ್ತೀಯಲ್ಲ. ಒಬ್ಬನೇ ಕೂತು ಕೂತು ನಂಗೂ ಸಾಕಾಗಿತ್ತು."

ಇಳಿದು ನಡೆದುಬಿಡೋಣ ಎಂದು ಬಾಗಿಲು ತಳ್ಳಿದೆ. ಅದು ನಾಲ್ಕು ಬೆರಳಷ್ಟು ತೆರೆದು, ಸುರಂಗದ ಗೋಡೆಗೆ ತಾಗಿ ನಿಂತಿತು.